ಹಿಂಬದಿಯ ಕೋಣೆಯ ಎರಡು ಡಿಗ್ರಿ

ಹಜಾರ ಹನ್ನೆರಡು, ಅಡಿಗೆಮನೆ ಹನ್ನೆರಡು, ಮಲಗುವ ಕೋಣೆ ಹನ್ನೆರಡು, ಹಿಂಬದಿಯ ಕೋಣೆ ಹದಿನಾಲ್ಕು ಡಿಗ್ರಿ. ಹಲ್ಲುಜ್ಜುವ ಮೊದಲೇ, ಹಾಸಿಗೆಯಲ್ಲಿ ಅಂಗಾತ ಮಲಗಿಕೊಂಡೇ, ಅವನು ಫೋನಿನಲ್ಲಿ ದೂರದ ತನ್ನ ಮನೆಯನ್ನು ಓದಿದ. ಮೊನ್ನೆಯೂ ಹೀಗೇ ಇತ್ತು. ಮೊನ್ನೆ ಯಂತ್ರದ ತಪ್ಪು ಅಂದುಕೊಂಡ. ನಿನ್ನೆ ಹಾಗೆ ಅಂದುಕೊಳ್ಳಲು ಕಷ್ಟಪಟ್ಟ. ಇವತ್ತು ರಜೆಯ ಐದನೆಯ ದಿನ. ಪರದೆಯ ಸಂದಿಯಿಂದ ಕಡಲೂರಿನ ಬಿಸಿಲು ಆಗಲೇ ನೆಲದ ಮೇಲೆ ಬಿದ್ದಿತ್ತು, ಹೊರಗೆ ಯಾರೋ ಮರಳಿನ ಮೇಲೆ ಕುರ್ಚಿಗಳನ್ನು ಎಳೆಯುತ್ತಿದ್ದರು. ಪಕ್ಕದಲ್ಲಿ ಹೆಂಡತಿ, ಅವಳಾಚೆ ಮಗಳು, ಹೋಟೆಲಿನ ಎಸಿಯ ಕೆಳಗೆ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ನಿದ್ದೆಯಲ್ಲಿದ್ದರು. ಊರಲ್ಲಿ ಹಿಮ, ಚಳಿಯೆಂದು ಇಲ್ಲಿಗೆ ಬರುವುದು, ಇಲ್ಲಿ ಸೆಕೆಯೆಂದು ಎಸಿ ಹದಿನೆಂಟಕ್ಕೆ ಇಡುವುದು, ಆಮೇಲೆ ಚಳಿಯೆಂದು ಹೊದ್ದುಕೊಳ್ಳುವುದು. ಬೇರೆ ದಿನವಾಗಿದ್ದರೆ ಅವನಿಗೆ ನಗು ಬರುತ್ತಿತ್ತು. ಈಗ ಅವನ ಕಣ್ಣು ಆ ಹದಿನಾಲ್ಕರ ಮೇಲೇ ನೆಟ್ಟಿತ್ತು. ಹಿಂಬದಿಯ ಕೋಣೆ ಇಸ್ತ್ರಿ ಮಾಡುವ, ಹಳೆಯ ಪೆಟ್ಟಿಗೆಗಳನ್ನು ಪೇರಿಸಿಡುವ ಕೋಣೆ. ಅದಕ್ಕೆ ಬಿಸಿಲು ಬೀಳುವುದಿಲ್ಲ. ಅಲ್ಲಿ ಹೀಟರ್ ಬಿಟ್ಟರೆ ಬೇರೆ ಯಾವ ಯಂತ್ರವೂ ಇಲ್ಲ. ಹೊರಡುವ ದಿನ ಮನೆಯ ಒಂದೊಂದು ಪ್ಲಗ್ಗನ್ನೂ ತಾನೇ ಕಿತ್ತು, ನಲ್ಲಿಯ ಪೈಪು ಹೆಪ್ಪುಗಟ್ಟದಿರಲೆಂದು ಎಲ್ಲ ಕೋಣೆಯ ಹೀಟರನ್ನೂ ಹನ್ನೆರಡಕ್ಕೆ ಇಟ್ಟು, ಪ್ರತಿ ಕೋಣೆಯ ಗೋಡೆಯ ಮೇಲಿನ ಹೀಟರ್ ಗುಂಡಿಗೂ ಫೋನಿನಿಂದಲೇ ಬೀಗ ಹಾಕಿ ಬಂದಿದ್ದ. ಈಗ ಫೋನು ಹಿಡಿದಿರುವ ಅವನೊಬ್ಬನ ಮಾತನ್ನು ಮಾತ್ರ ಆ ಮನೆ ಕೇಳುತ್ತಿತ್ತು. ಅಂಥ ಮನೆಯಲ್ಲಿ ಒಂದು ಕೋಣೆ ಎರಡು ಡಿಗ್ರಿ ಹೆಚ್ಚು ಬೆಚ್ಚಗಿರಬೇಕಾದರೆ ಅಲ್ಲಿ ಕಾವಿರುವ ಏನೋ ಒಂದು ಇರಬೇಕು.

ಇದು ಬೇರೆ ಯಾರಿಗೂ ಹೊಳೆಯದಿದ್ದರೂ ಅವನಿಗೆ ಹೊಳೆಯಲೇಬೇಕಾಗಿತ್ತು, ಅವನ ಅನ್ನವೇ ಅದು. ಹಣ್ಣು ತರಕಾರಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವನು ಮೇಲ್ವಿಚಾರಕ. ಏಳು ವರ್ಷದ ಹಿಂದೆ, ಎಲ್ಲ ಬಾಗಿಲಿಗೂ ಚಿಲಕ ಬಿದ್ದು ಜನ ಮನೆಗೆ ಹೊರಟ ಹೊತ್ತಿನಲ್ಲಿ, ಮೂರನೆಯ ಕೋಣೆಯ ಮಾಪಕ ಅರ್ಧ ಡಿಗ್ರಿ ಮೇಲಿರುವುದು ಅವನ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಅರ್ಧ ಡಿಗ್ರಿ ತಾನೇ ಎಂದು ಚೀಲ ಹೆಗಲಿಗೇರಿಸುತ್ತಿದ್ದರು. ಅವನು ಬಾಗಿಲು ತೆಗೆಸಿದ. ಸೇಬಿನ ಪೆಟ್ಟಿಗೆಗಳ ಹಿಂದೆ ಒಬ್ಬ ಹಮಾಲಿ ತಲೆಸುತ್ತಿ ಬಿದ್ದಿದ್ದ, ತುಟಿ ನೀಲಿಯಾಗಿತ್ತು, ಬದುಕಿದ್ದ. ಮನುಷ್ಯ ಅಂದರೆ ಒಂದು ಸಣ್ಣ ಒಲೆ, ಎಲ್ಲಿ ಕೂತರೂ ಆ ಜಾಗವನ್ನು ಕಾಯಿಸುತ್ತಾನೆ ಎಂದು ಆಮೇಲೆ ಅವನು ಎಲ್ಲರಿಗೂ ಹೇಳಿದ. ಅಂದಿನಿಂದ ಅವನಿಗೆ ‘ಅರ್ಧ ಡಿಗ್ರಿ’ ಎಂದೇ ಹೆಸರಾಯಿತು. ಕೆಲಸದ ಜಾಗದಲ್ಲಿ ಒಂದು ಪದ್ಧತಿಯನ್ನೂ ಅವನೇ ತಂದ: ಬಾಗಿಲು ಹಾಕುವ ಮೊದಲು ಚಿಲಕದಿಂದ ತಗಡಿನ ಮೇಲೆ ಬಡಿದು, ‘ಒಳಗೆ ಯಾರಾದ್ರೂ ಇದ್ದೀರಾ’ ಎಂದು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಉತ್ತರ ಬರದಿದ್ದರೆ ಮಾತ್ರ ಚಿಲಕ. ಈ ಸುದ್ದಿ ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಲೋ, ನಿನ್ನ ಕಾಲೇಜಿಗೆ ಕಳಿಸೋಕೆ ನಾನು ಊರ ಗೋಡೆಯೆಲ್ಲಾ ಬಳಿದೆ. ಪೂರ್ತಿ ಡಿಗ್ರಿ ತರ್ತೀಯ ಅಂದ್ರೆ ಅರ್ಧ ಡಿಗ್ರಿ ತಂದ್ಯಲ್ಲೋ.” ನಗುತ್ತಾ ನಗುತ್ತಾ ಕೆಮ್ಮಿದ್ದ. ಆಗಲೇ ಆ ಕೆಮ್ಮು ಇತ್ತು.

ಅಣ್ಣನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಈಗ ಎರಡು ವರ್ಷದಿಂದ ಕೈ ನಡುಗುತ್ತದೆ, ಏಣಿ ಹತ್ತಿದರೆ ಉಸಿರು ಕಟ್ಟುತ್ತದೆ, ಯಾರೂ ಕರೆಯುವುದಿಲ್ಲ. ನಾಲ್ಕು ಜನ ಮಲಗುವ ಒಂದು ಬಾಡಿಗೆ ಕೋಣೆಯಲ್ಲಿ ಐದನೆಯವನಾಗಿ ಇದ್ದಾನೆ. ಮೂರು ವಾರದ ಹಿಂದೆ ಅಣ್ಣ ಫೋನ್ ಮಾಡಿದಾಗ ತಮ್ಮನು ಕೆಲಸದ ಜಾಗದಲ್ಲಿದ್ದ, ಸುತ್ತ ಜನ ಇದ್ದರು. “ನೀವು ಎಂಟು ದಿನ ಊರಲ್ಲಿರಲ್ವಂತೆ, ಮಗು ಹೇಳ್ತು,” ಅಂದ ಅಣ್ಣ. “ಅಷ್ಟು ದಿನ ನಾನು ಅಲ್ಲಿ ಇರ್ಲೇನೋ? ಇಲ್ಲಿ ಹೀಟರ್ ಕೆಟ್ಟಿದೆ. ನಿನ್ನ ಮನೆ ಕಾದ ಹಾಗೂ ಆಗತ್ತೆ.” ಸರಳವಾದ ಪ್ರಶ್ನೆ. ಅಣ್ಣ ಕಳೆದ ಸಲ ನಾಲ್ಕು ದಿನಕ್ಕೆಂದು ಬಂದು ನಲವತ್ತು ದಿನ ಇದ್ದದ್ದು ನೆನಪಾಯಿತು. ರಾತ್ರಿಯೆಲ್ಲ ಗೋಡೆಯಾಚೆಯಿಂದ ಬರುತ್ತಿದ್ದ ಕೆಮ್ಮು ನೆನಪಾಯಿತು. ಜೊತೆಗೆ ಕೆಲಸ ಮಾಡುವವರೊಬ್ಬರು ಮನೆಗೆ ಬಂದಾಗ ಅಣ್ಣ ಬನಿಯನ್ನಿನಲ್ಲೇ ಎದ್ದು ಬಂದು ‘ನಾನೇ ಇವನ್ನ ಬೆಳೆಸಿದ್ದು’ ಎಂದದ್ದು ನೆನಪಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಇಲ್ಲಣ್ಣ, ನಾವಿಲ್ಲದಾಗ ಮನೆಗೆ ಪೇಂಟ್ ಮಾಡಿಸ್ತಿದೀವಿ,” ಎಂದುಬಿಟ್ಟ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಯಾರಿಗೆ ಹೇಳಿದೆನೆಂದು ಹೊಳೆಯಿತು. “ಈ ಚಳೀಲಾ?” ಎಂದ ಅಣ್ಣ. “ಒಣಗಲ್ವಲ್ಲೋ.” ಆಮೇಲೆ, “ಯಾರು ಮಾಡ್ತಿದಾರೆ?” ತಮ್ಮನು ಬಾಯಿಗೆ ಬಂದಂತೆ ಯಾವುದೋ ಕಂಪನಿಯವರು ಎಂದ. “ಒಳ್ಳೇದು. ಹಿಂದಿನ ರೂಮಿನ ಮೂಲೇಲಿ ತೇವ ಇದೆ. ಅದನ್ನ ಕೆರೆದು ಬಳೀರಿ ಅಂತ ಹೇಳು, ಬರೀ ಮೇಲೆ ಬಳಿದು ಹೋಗ್ತಾರೆ ಅವರು.” ಅಷ್ಟು ಹೇಳಿ ಫೋನಿಟ್ಟ.

ಬೆಳಗಿನ ತಿಂಡಿಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಮೀಟರ್ ಪೆಟ್ಟಿಗೆಯ ನೆನಪು ಬಂತು. ಬಾಗಿಲ ಪಕ್ಕದ ವಿದ್ಯುತ್ ಮೀಟರಿನ ತಗಡಿನ ಪೆಟ್ಟಿಗೆ. ಅದರ ಮುಚ್ಚಳದ ಒಳಗೆ ಇನ್ನೊಂದು ಕೀ. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋಗುವಾಗ ಹೀಗೇ ಇಡುತ್ತಿದ್ದಳು, ಇಬ್ಬರಲ್ಲಿ ಮೊದಲು ಶಾಲೆಯಿಂದ ಬಂದವನು ತೆಗೆಯುತ್ತಿದ್ದ. ಅಮ್ಮ ಸತ್ತು ಇಷ್ಟು ವರ್ಷವಾದರೂ, ಮೂರು ಮನೆ ಬದಲಾಯಿಸಿದರೂ, ಅವನ ಕೈ ಹೊರಡುವ ದಿನ ತಾನಾಗಿ ಹೋಗಿ ಅಲ್ಲೇ ಕೀ ಇಟ್ಟಿತ್ತು. ಪ್ರಪಂಚದಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಮರೆತು ಇಟ್ಟೆನೋ, ಬೇಕೆಂದೇ ಇಟ್ಟೆನೋ? ‘ಬಾ’ ಎನ್ನಲು ಬಾಯಿ ಬರದವನ ಕೈ ‘ಬಾ’ ಎಂದಿತೋ? ಹಿಂದೆ ನಿಂತಿದ್ದ ಹೆಂಗಸು “ನೀವು ತಗೊಳ್ತೀರೋ, ನಾನು ತಗೊಳ್ಳಲೋ” ಎಂದು ಕೇಳಿದಾಗ ಅವನು ಬ್ರೆಡ್ಡಿನ ಚಿಮಟ ಹಿಡಿದು ಸುಮ್ಮನೆ ನಿಂತಿದ್ದ. ಕ್ಷಮಿಸಿ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಕ್ಷಮಿಸಿ ಎಂದು ಎರಡು ಸಲ ಅಂದ.

ಅಣ್ಣ ಒಳಗೆ ಬಂದಿದ್ದಾನೆ. ಬಂದರೆ ಬಂದ, ಎಂಟು ದಿನ ಇದ್ದು ಹೋಗಲಿ ಎಂದು ಮೊದಲು ಅನ್ನಿಸಿದ್ದು ನಿಜ. ಒಂದು ನಿಮಿಷ ಮನಸ್ಸು ಹಗುರವೂ ಆಯಿತು. ಮರುಕ್ಷಣವೇ ಕಣ್ಣ ಮುಂದೆ ಗೋಡೆ ಬಂತು. ಮೂಲೆಯಲ್ಲಿ ತೇವ ಹಿಡಿದ, ಯಾರೂ ಕೆರೆಯದ, ಯಾರೂ ಬಳಿಯದ ಹಿಂಬದಿಯ ಕೋಣೆಯ ಗೋಡೆ. ಅದರ ಎದುರು ಅಣ್ಣ ಕೂತಿದ್ದಾನೆ. ಬಣ್ಣದ ವಾಸನೆಯಿಲ್ಲದ ಮನೆಯಲ್ಲಿ, ದೀಪ ಹಾಕಿದರೆ ಪಕ್ಕದವರಿಗೆ ಗೊತ್ತಾಗುತ್ತದೆಂದು ದೀಪವನ್ನೂ ಹಾಕದೆ, ಬಾಗಿಲು ಮುಚ್ಚಿಕೊಂಡು, ತಮ್ಮನ ಸುಳ್ಳನ್ನು ನೋಡುತ್ತಾ ಕೂತಿದ್ದಾನೆ. ನಗುತ್ತಿದ್ದಾನೆಯೇ? ನಗುತ್ತಿದ್ದರೆ ಸಹಿಸಬಹುದಿತ್ತು. ‘ಇರ್ಲಿ ಬಿಡು, ಅವನಿಗೂ ಏನು ಕಷ್ಟವೋ’ ಎಂದುಕೊಳ್ಳುತ್ತಿರುತ್ತಾನೆ, ಅವನ ಜಾಯಮಾನವೇ ಅದು. ಆ ಕ್ಷಮೆಯನ್ನು ನೆನೆಸಿಕೊಂಡು ತಮ್ಮನ ಕಿವಿ ಬಿಸಿಯಾಯಿತು. ಮನೆ ನನ್ನದು, ಒಳಗೆ ನುಗ್ಗಿದವನು ಅವನು, ತಲೆ ತಗ್ಗಿಸಬೇಕಾದವನು ಮಾತ್ರ ನಾನು. ಇದೆಲ್ಲಿಯ ನ್ಯಾಯ? ಮರಳಿನ ಮೇಲೆ ಮಗಳು ಬಕೆಟ್ಟು ತುಂಬುತ್ತಿದ್ದಳು, ಹೆಂಡತಿ ಕಣ್ಣಿನ ಮೇಲೆ ಟೋಪಿ ಇಟ್ಟು ಮಲಗಿದ್ದಳು. ಅವನು ಫೋನು ತೆಗೆದು ಹನ್ನೆರಡನ್ನು ಹತ್ತು ಮಾಡಿದ. ಬಾಯಿಬಿಟ್ಟು ಹೊರಡು ಎನ್ನುವುದಕ್ಕಿಂತ ಇದು ಮರ್ಯಾದೆಯ ದಾರಿ. ಸ್ವಲ್ಪ ಚಳಿಯಾಗುತ್ತದೆ, ಅವನಿಗೇ ಅರ್ಥವಾಗುತ್ತದೆ, ಕೀ ಇದ್ದಲ್ಲಿ ಇಟ್ಟು ಹೋಗುತ್ತಾನೆ. ಯಾರೂ ಯಾರಿಗೂ ಏನೂ ಹೇಳಿದ ಹಾಗಾಗುವುದಿಲ್ಲ. ಅಲ್ಲಿ ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ ಎಂದು ಫೋನೇ ಪಕ್ಕದಲ್ಲಿ ತೋರಿಸುತ್ತಿತ್ತು. ಅದನ್ನು ಅವನು ಓದದೆ ಇರಲಿಲ್ಲ.

ಹನ್ನೊಂದು ಗಂಟೆಗೆ ಎಂಟು ಮಾಡಿದ. ಸಂಖ್ಯೆಗಳು ನಿಧಾನವಾಗಿ ಇಳಿದವು. ಮೂರು ಕೋಣೆಗಳು ಜೊತೆಯಾಗಿ ಇಳಿದರೆ ನಾಲ್ಕನೆಯದು ಎರಡು ಡಿಗ್ರಿ ಹಿಂದೆ ಹಿಂದೆ ಬರುತ್ತಿತ್ತು, ಚಿಕ್ಕಂದಿನಲ್ಲಿ ಕಾಲು ನೋವೆಂದು ಹಿಂದುಳಿಯುತ್ತಿದ್ದ ತಾನೇ ಅಣ್ಣನ ಹಿಂದೆ ಬರುತ್ತಿದ್ದ ಹಾಗೆ. ಊಟದ ಮೇಜಿನಲ್ಲಿ ಹೆಂಡತಿ, “ಏನ್ರೀ ಅದು, ಬೆಳಗ್ಗಿಂದ ಫೋನಿಗೆ ಅಂಟ್ಕೊಂಡಿದೀರಾ?” ಎಂದಳು. “ಹೀಟಿಂಗ್ ನೋಡ್ತಿದೀನಿ,” ಎಂದ. ಅವಳು ಮಗಳ ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಾ, “ಇಷ್ಟು ಯೋಚನೆ ಇದ್ರೆ ನಿಮ್ಮಣ್ಣನಿಗೇ ಕೀ ಕೊಟ್ಟು ಬರಬಹುದಿತ್ತಪ್ಪ,” ಎಂದಳು. “ಪಾಪ, ಆ ರೂಮಲ್ಲಿ ಐದು ಜನ. ನಂಗೆ ಹೊರಟ ಮೇಲೆ ಹೊಳೀತು.” ಅಣ್ಣ ಕೇಳಿದ್ದನ್ನು ಅವನು ಅವಳಿಗೆ ಹೇಳಿಯೇ ಇರಲಿಲ್ಲ. ಅವಳಿಗೆ ಹಿಡಿಸುವುದಿಲ್ಲ, ಅವಳು ಬೇಡವೆನ್ನುತ್ತಾಳೆ ಎಂದು ತನ್ನೊಳಗೇ ಅವಳ ಬಾಯಿಂದ ಮಾತಾಡಿಸಿ, ಆ ಮರೆಯಲ್ಲಿ ನಿಂತಿದ್ದ. “ದೊಡ್ಡಪ್ಪ ನಂಗೆ ಗೋಡೆ ಮೇಲೆ ಒಂಟೆ ಬರೆದುಕೊಡ್ತೀನಿ ಅಂದಿದ್ರು,” ಎಂದಳು ಮಗಳು. “ಕೆಮ್ಮು ಹೋದ ಮೇಲೆ ಬರೀತೀನಿ ಅಂದ್ರು.” ಈಗಲೇ ಹೇಳಿಬಿಡಬಹುದಿತ್ತು. ಅಣ್ಣ ಅಲ್ಲಿದ್ದಾನೆ ಕಣೇ ಎಂದರೆ ಮುಗಿಯುತ್ತಿತ್ತು, ಅವಳೇ ಫೋನು ಕಿತ್ತುಕೊಂಡು ಇಪ್ಪತ್ತೆರಡಕ್ಕೆ ಏರಿಸುತ್ತಿದ್ದಳು. ಮಾತು ಮನೆ ಕೆಡಿಸುತ್ತದೆ ಅಂತಾರೆ. ಆಡದ ಮಾತು ಏನು ಮಾಡುತ್ತದೆಂದು ಯಾರೂ ಹೇಳಿಲ್ಲ. ಅವನು ನೀರು ಕುಡಿದು, “ಅವನು ಬರ್ತಿರ್ಲಿಲ್ಲ ಬಿಡು, ಸ್ವಾಭಿಮಾನ ಜಾಸ್ತಿ,” ಎಂದ.

ಮಧ್ಯಾಹ್ನ ಮೂರಕ್ಕೆ ದೋಣಿ ಸವಾರಿಗೆ ಹೆಸರು ಬರೆಸಿದ್ದರು. ಕಿತ್ತಳೆ ಬಣ್ಣದ ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ಹಿಂಬದಿಯ ಕೋಣೆ: ಗೋಡೆಯ ಗುಂಡಿ ಒತ್ತಲಾಗಿದೆ, ಬೀಗ ಇದೆ. ಅವನು ಪರದೆಯನ್ನು ಕೈಯಿಂದ ಮರೆಮಾಡಿಕೊಂಡ. ಇಷ್ಟು ಹೊತ್ತು ಎರಡು ಡಿಗ್ರಿಯಾಗಿದ್ದದ್ದು ಈಗ ಒಂದು ಬೆರಳಾಗಿತ್ತು. ಉಗುರಿನ ಸುತ್ತ ಎಷ್ಟು ತಿಕ್ಕಿದರೂ ಹೋಗದ ಬಿಳಿ ಬಣ್ಣ ಕೂತಿರುವ, ನಡುಗುವ ಬೆರಳು. ಮತ್ತೆ ಅದುರಿತು. ಗೋಡೆಯ ಗುಂಡಿ ಒತ್ತಲಾಗಿದೆ, ಬೀಗ ಇದೆ. ಏರಿಸಿದರಾಯಿತು. ಆದರೆ ಈಗ ಏರಿಸಿದರೆ ಇಷ್ಟು ಹೊತ್ತು ಇಳಿಸಿದ್ದು ನಾನೇ ಎಂದು ಒಪ್ಪಿಕೊಂಡ ಹಾಗೆ. ಆ ಕಡೆ ಕೂತವನಿಗೆ ಗೊತ್ತಾಗುತ್ತದೆ, ಇವನು ನೋಡುತ್ತಿದ್ದಾನೆ, ನೋಡುತ್ತಲೇ ಚಳಿ ಹೆಚ್ಚಿಸುತ್ತಿದ್ದಾನೆ ಎಂದು. ಗುಂಡಿ ಯಾಕೆ ಒತ್ತಬೇಕು, ಫೋನ್ ಮಾಡಲಿ. ಬಾಯಿಬಿಟ್ಟು ಒಂದು ಮಾತು ಕೇಳಲಿ, ಲೋ ಚಳಿ ಕಣೋ ಎನ್ನಲಿ, ಆ ಕ್ಷಣ ಏರಿಸುತ್ತೇನೆ. ಒಮ್ಮೆ ಕೇಳಿದವನಿಗೆ ಏನು ಹೇಳಿ ಕಳಿಸಿದ್ದೆನೆಂಬುದು ಆಗ ಅವನ ತಲೆಗೆ ಬರಲಿಲ್ಲ, ಅಥವಾ ಬಂದದ್ದನ್ನು ಅವನು ಒಳಗೆ ಬಿಟ್ಟುಕೊಳ್ಳಲಿಲ್ಲ. ದೋಣಿಯವನು ಕೈ ಚಾಚಿದ, ಮಗಳು “ಅಪ್ಪಾ, ಬಾ” ಎಂದಳು. ದೋಣಿಗೆ ಕಾಲಿಡುವಾಗ ಮೂರನೆಯ ಸಲ ಅದುರಿತು. ಅದನ್ನವನು ತೆಗೆದು ನೋಡಲಿಲ್ಲ. ಕಡಲ ಮಧ್ಯೆ, ಹೆಂಡತಿ ಮಗಳು ನೀರಿಗೆ ಬಗ್ಗಿ ಬಣ್ಣದ ಮೀನು ಎಣಿಸುತ್ತಿದ್ದಾಗ, ಬೆನ್ನು ತಿರುಗಿಸಿ ಕೂತು ಹೀಟಿಂಗನ್ನು ಪೂರ್ತಿ ಆರಿಸಿದ. ಕೈ ಹಾಗೆ ಮಾಡಿದ್ದನ್ನು ನೋಡಿ ಅವನಿಗೇ ಆಶ್ಚರ್ಯವಾಯಿತು. ಸಂಜೆಯವರೆಗೆ ಮಾತ್ರ ಎಂದುಕೊಂಡ.

ಸಂಜೆ ಫೋನು ತೋರಿಸಿದ್ದು ಎಂಟೂವರೆ ಡಿಗ್ರಿ, ಎಂಟೂವರೆ, ಎಂಟೂವರೆ, ಹತ್ತು. ಆಮೇಲೆ ಫೋನು ಅದುರಲೇ ಇಲ್ಲ. ಅಣ್ಣ ಇನ್ನೂ ಹಟ ಮಾಡಿಕೊಂಡು ಕೂತಿದ್ದಾನೆ. ಅವನ ಹಟ ಹೊಸದೇನಲ್ಲ. ಅಮ್ಮ ಬೆಳಗಿನ ಜಾವಕ್ಕೆ ಕೆಲಸಕ್ಕೆ ಹೊರಡುತ್ತಿದ್ದ ಕಾಲದಲ್ಲಿ ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಕಂಬಳಿ. ಬಾಗಿಲ ಕೆಳಗಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಅಣ್ಣ ಬಾಗಿಲ ಕಡೆಗೇ ಮಲಗುತ್ತಿದ್ದ, ಎಷ್ಟು ಹೇಳಿದರೂ ಈ ಕಡೆ ಬರುತ್ತಿರಲಿಲ್ಲ. ತಮ್ಮ ಅವನ ಬೆನ್ನಿಗೆ ತನ್ನ ಎರಡೂ ಪಾದ ಒತ್ತಿಕೊಂಡು ನಿದ್ದೆಹೋಗುತ್ತಿದ್ದ. “ಐಸ್ ತಂದಿಟ್ಯಲ್ಲೋ ಕತ್ತೆ,” ಎನ್ನುತ್ತಿದ್ದ ಅಣ್ಣ. ಆದರೆ ಬೆನ್ನು ಸರಿಸುತ್ತಿರಲಿಲ್ಲ. ಒಬ್ಬ ಮನುಷ್ಯನ ಮೈಯಲ್ಲಿ ಎಷ್ಟು ಕಾವಿರುತ್ತದೆಂದು ಅವನು ಕೋಲ್ಡ್ ಸ್ಟೋರೇಜಿನಲ್ಲಿ ಕಲಿತದ್ದಲ್ಲ, ಆ ಬೆನ್ನಿನಿಂದ ಕಲಿತದ್ದು. ಊಟ ಮುಗಿಸಿ ಕೋಣೆಗೆ ಬಂದಾಗ ಹೆಂಡತಿ ಎಸಿ ಹಾಕಿದಳು, ತಣ್ಣನೆಯ ಗಾಳಿ ಅವನ ಪಾದದ ಮೇಲೇ ಬೀಳುತ್ತಿತ್ತು. ಏರಿಸಬೇಕು, ಈಗ ಏರಿಸುತ್ತೇನೆ ಎಂದುಕೊಳ್ಳುತ್ತಾ, ಫೋನನ್ನು ಎದೆಯ ಮೇಲೆ ಇಟ್ಟುಕೊಂಡು, ಬಿಸಿಲಲ್ಲಿ ದಣಿದ ಮೈ ನಿದ್ದೆಗೆ ಜಾರಿತು.

ಬೆಳಗ್ಗೆ ಎದ್ದಾಗ ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಅವನು ಎದ್ದು ಕೂತ. ಹೆಚ್ಚಿನ ಆ ಎರಡು ಡಿಗ್ರಿ ಇರಲಿಲ್ಲ. ಹೋದ. ಅಣ್ಣ ಅರ್ಥಮಾಡಿಕೊಂಡು ಹೋದ, ಒಂದು ಮಾತಿಲ್ಲದೆ. ಎದೆಯಿಂದ ಚಪ್ಪಡಿ ಇಳಿಸಿದಂತಾಗಿ ಅವನು ಕೂಡಲೇ ಎಲ್ಲ ಕೋಣೆಗೂ ಹನ್ನೆರಡು ಒತ್ತಿದ, ಶಿಳ್ಳೆ ಹಾಕುತ್ತಾ ಸ್ನಾನ ಮಾಡಿದ, ಊರಿಗೆ ಹೋದ ಕೂಡಲೇ ಅಣ್ಣನನ್ನು ಡಾಕ್ಟರಿಗೆ ತೋರಿಸಬೇಕು ಎಂದು ನಿಶ್ಚಯಿಸಿದ, ಹೋಟೆಲಿನ ಅಂಗಡಿಯಲ್ಲಿ ಅವನಿಗೊಂದು ದಪ್ಪ ಉಣ್ಣೆಯ ಮಫ್ಲರ್ ಇದೆಯೇ ಎಂದು ವಿಚಾರಿಸಿದ. ಕಡಲೂರಿನಲ್ಲಿ ಮಫ್ಲರ್ ಯಾರು ಮಾರುತ್ತಾರೆ, ಅಂಗಡಿಯವಳು ನಕ್ಕಳು. ಅವನೂ ನಕ್ಕ. ಅಣ್ಣನ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್ ಆಗಿತ್ತು. ಚಾರ್ಜಿರಲಿಕ್ಕಿಲ್ಲ. ಯಾವುದಕ್ಕೂ ಇರಲಿ ಎಂದು ಪಕ್ಕದ ಮನೆಯ ಹೊಲಿಗೆಯ ಹೆಂಗಸಿಗೆ ಫೋನ್ ಮಾಡಿ, ಮನೆಯ ಕಡೆ ಯಾರಾದರೂ ಬಂದು ಹೋದದ್ದು ಕಂಡಿತೇ ಎಂದು ಕೇಳಿದ. ಅವಳ ಮೆಷಿನ್ನು ಯಾವಾಗಲೂ ಕಿಟಕಿಗೇ ಇರುತ್ತದೆ, ಆ ಬೀದಿಯಲ್ಲಿ ನಾಯಿ ಆಕಳಿಸಿದರೂ ಅವಳಿಗೆ ಗೊತ್ತು.

“ಯಾರೂ ಇಲ್ಲ, ನೀವು ಆರಾಮಾಗಿರಿ,” ಎಂದಳು. “ನಿನ್ನೆ ಬೆಳಗಿನ ಜಾವ ಹಿಮ ಬೀಳೋದು ನಿಲ್ತಲ್ಲ, ಅವಾಗಿಂದ ನಿಮ್ಮ ಮೆಟ್ಟಿಲ ಮೇಲೆ ಬಿದ್ದದ್ದು ಬಿದ್ದ ಹಾಗೇ ಇದೆ. ಒಂದು ಹೆಜ್ಜೆ ಗುರುತಿಲ್ಲ. ಕಳ್ಳ ಬರೋಕೆ ಅವನೇನು ಹಾರ್ಕೊಂಡು ಬರ್ತಾನಾ?”

“ಹಿಂದಿನ ಬಾಗಿಲ ಕಡೆ?” ಎಂದ ಅವನು.

“ಅಲ್ಲೂ ನೋಡ್ದೆ, ಈಗಷ್ಟೇ ಕಸ ಹಾಕೋಕೆ ಹೋಗಿದ್ದೆ. ಬೆಕ್ಕು ಓಡಾಡಿದೆ, ಅಷ್ಟೇ.”

“ಒಂದು ಉಪಕಾರ ಮಾಡ್ತೀರಾ,” ಎಂದ. ತನ್ನ ದನಿ ಬೇರೆ ಯಾರದೋ ಅನ್ನಿಸಿತು. “ಮೀಟರ್ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿ. ಒಳಗೊಂದು ಕೀ ಇರ್ಬೇಕು.”

ಅವಳು ಚಪ್ಪಲಿ ಬದಲಾಯಿಸಿದ್ದು, ಬಾಗಿಲು ತೆಗೆದದ್ದು, ಗಟ್ಟಿ ಹಿಮ ಅವಳ ಕಾಲ ಕೆಳಗೆ ಕರಕರ ಎಂದದ್ದು ಕೇಳಿಸಿತು. ತಗಡಿನ ಮುಚ್ಚಳ ಕಿರುಗುಟ್ಟಿತು. ಆ ಸದ್ದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

“ಇಲ್ಲ ಇಲ್ಲಿ. ಖಾಲಿ,” ಎಂದಳು. “ಕೇಳಿಸ್ತಿದೆಯಾ? ಏನೂ ಇಲ್ಲ.”

“ಹಿಂಬದಿ ಕೋಣೆ ಕಿಟಕಿಗೆ ಹೋಗಿ,” ಎಂದ. “ಬಡೀರಿ. ಬಡಿದು ಕೂಗಿ. ಮೂರು ಸಲ ಕೂಗ್ಬೇಕು.”

“ಏನಂತ ಕೂಗ್ಲಿ?”

ಅವನು ಹೇಳಿಕೊಟ್ಟ. ಮರಳಿನಾಚೆ ಮಗಳು ನೀರಿನ ಅಂಚಿನಲ್ಲಿ ಓಡುತ್ತಿದ್ದಳು, ಹೆಂಡತಿ ಅವಳ ಹಿಂದೆ ಟವೆಲ್ಲು ಹಿಡಿದು ಹೊರಟಿದ್ದಳು. ಕಿವಿಯಲ್ಲಿ ಗಾಜಿನ ಮೇಲೆ ಬೆರಳ ಗೆಣ್ಣು ಬಡಿದ ಸದ್ದು. ಒಳಗೆ ಯಾರಾದ್ರೂ ಇದ್ದೀರಾ ಎಂದಳು ಹೊಲಿಗೆಯ ಹೆಂಗಸು, ಸ್ವಲ್ಪ ನಾಚಿಕೆಯಿಂದ. ಅವನು ಕಾದ. ಅವಳು ಮತ್ತೆ ಬಡಿದು ಮತ್ತೆ ಕೂಗಿದಳು, ಈ ಸಲ ಗಟ್ಟಿಯಾಗಿ. ಅವನು ಫೋನನ್ನು ಕಿವಿಯಿಂದ ತೆಗೆದು ಕಣ್ಣ ಮುಂದೆ ಹಿಡಿದ. ಬೆಳಗ್ಗೆ ಹಾಕಿದ ಹೀಟರು ಕೆಲಸ ಮಾಡತೊಡಗಿತ್ತು. ಏಳು, ಏಳು, ಏಳು, ಏಳು. ನೋಡುತ್ತಿದ್ದಂತೆ ನಾಲ್ಕೂ ಒಟ್ಟಿಗೆ ಏಳೂವರೆಯಾದವು, ಒಂದೂ ಹಿಂದೆ ಬೀಳಲಿಲ್ಲ, ಒಂದೂ ಮುಂದೆ ಹೋಗಲಿಲ್ಲ. ದೂರದಿಂದ, ಅಂಗೈಯೊಳಗಿನಿಂದ, ಅವಳು ಮೂರನೆಯ ಸಲ ಕೂಗಿದ್ದು ಕೇಳಿಸಿತು.